ಕಂದಕದಲ್ಲಿ ನಿಂತವಳ ಎತ್ತರ

ಬೇಕರಿಯ ಹಿಂದಿನ ಕೋಣೆ
ಮಂಗಳವಾರ ಮಧ್ಯಾಹ್ನ

ಮೇಷ್ಟ್ರಿಗೆ,

ಪ್ಲಾಸ್ಟರಿನ ಒಳಗೆ ತುರಿಸಿದರೆ ಸ್ಕೇಲು ತೂರಿಸಿ ಕೆರೆದುಕೊಳ್ಳಬೇಡಿ. ಮಗಳು ಎಲ್ಲ ಹೇಳಿದ್ದಾಳೆ. ಪುಸ್ತಕ ಓದುತ್ತ ಮೆಟ್ಟಿಲು ಇಳಿಯಬೇಡಿ ಎಂದು ನಾನು ಇಷ್ಟು ವರ್ಷ ಬಾಯಿ ಬಡಿದುಕೊಂಡರೂ ಕೇಳಲಿಲ್ಲ, ಈಗ ಮೆಟ್ಟಿಲೇ ಹೇಳಿತು. ಊಟ ಬಿಡಬೇಡಿ, ಮೂಳೆ ಕೂಡಬೇಕಲ್ಲ.

ಫೋನ್ ಮಾಡದೆ ಕಾಗದ ಬರೆಯುವುದಕ್ಕೆ ಕಾರಣವಿದೆ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀವು ಹದಿಮೂರನೆಯ ಶತಮಾನಕ್ಕೆ ಹೊರಟುಹೋಗಿರುತ್ತೀರಿ. ಕಾಗದದಲ್ಲಾದರೆ ನೀವು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ನೀವು ಹೇಳಿ ಕಳಿಸಿದ ಕೆಲಸ ಆಗಿದೆ. ಮೊನ್ನೆ ಬೇಕರಿಗೆ ರಜೆ ಇತ್ತು. ಅಕ್ಕ ಎಲ್ಲಾದರೂ ಹೊರಗೆ ಹೋಗೋಣ ಎಂದು ಹಠ ಹಿಡಿದಳು. ಹಾಗಾಗಿ ಆ ಮಣ್ಣಿನ ಕೋಟೆಗೆ ಹೋಗಿಬಂದೆವು. ನಿಮ್ಮ ಸಲುವಾಗಿ ಹೋದೆ ಎಂದುಕೊಳ್ಳಬೇಡಿ.

ಜಗಳದ ಮಾತು ಮೊದಲು ಮುಗಿಸುತ್ತೇನೆ. ಯಾರೋ ಸರ್ವೆ ಮಾಡುವ ಹುಡುಗಿ ಮಣ್ಣಿನ ಕೋಟೆಗಳ ಮೇಲಿನ ನಿಮ್ಮ ಪುಸ್ತಕದ ಬಗ್ಗೆ ಪತ್ರಿಕೆಯಲ್ಲಿ ಬರೆದಿದ್ದಾಳಂತೆ. ಮೇಷ್ಟ್ರು ಕೊಟ್ಟ ದಿಬ್ಬಗಳ ಎತ್ತರವೆಲ್ಲ ಜಾಸ್ತಿ, ಅದೂ ಎಲ್ಲ ಕಡೆ ಇಪ್ಪತ್ತರಲ್ಲಿ ಒಂದು ಪಾಲು ಜಾಸ್ತಿ ಅಂದಿದ್ದಾಳಂತೆ. ನೀವು ಕೆಂಡಾಮಂಡಲವಾಗಿ, ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು ಎಂದೆಲ್ಲ ಸೇರಿಸಿ ಉತ್ತರ ಬರೆದಿಟ್ಟಿದ್ದೀರಂತೆ. ಅದರ ಜೊತೆ ಹಾಕಲು ಈ ಕೋಟೆಯ ಹೊಸ ಫೋಟೋ ಬೇಕು. ಅಮ್ಮನಿಗೆ ಹೇಳು, ಕಂದಕದಲ್ಲಿ ಸ್ವಲ್ಪ ಹೊತ್ತು ನಿಂತ್ಕೊಂಡ್ರೆ ಸಾಕು ಅಂದಿರಂತೆ.

ಮಗಳು ಇದನ್ನು ಹೇಳಿದಾಗ ನನ್ನ ಕೈಯಲ್ಲಿ ಬ್ರೆಡ್ ಕೊಯ್ಯುವ ಚಾಕು ಇತ್ತು. ನೀವು ದೂರದಲ್ಲಿದ್ದದ್ದು ಒಳ್ಳೆಯದಾಯಿತು.

ಬೇರೆಯವರ ಮನೆಯ ಆಲ್ಬಮ್ಮಿನಲ್ಲಿ ಹೆಂಡತಿ ಹೂವಿನ ಗಿಡದ ಪಕ್ಕ ಇರುತ್ತಾಳೆ, ಸಮುದ್ರದ ದಡದಲ್ಲಿ ಇರುತ್ತಾಳೆ. ನಾನು ಎಲ್ಲ ಫೋಟೋದಲ್ಲೂ ಹಳ್ಳದಲ್ಲಿದ್ದೇನೆ. ಕೈ ನೇರ, ತಲೆ ನೇರ, ನಗಬಾರದು, ಕೊಡೆ ಹಿಡಿಯಬಾರದು. ಆಮೇಲೆ ನೀವು ಮನೆಯಲ್ಲಿ ಫೋಟೋದ ಮೇಲೆ ಸ್ಕೇಲು ಇಟ್ಟು, ಈ ದಿಬ್ಬ ನನ್ನ ನಾಲ್ಕರಷ್ಟು, ಆ ದಿಬ್ಬ ಐದರಷ್ಟು ಎಂದು ಲೆಕ್ಕ ಹಾಕುತ್ತಿದ್ದಿರಿ. ನಾನು ಪಕ್ಕದಲ್ಲೇ ಕೂತು ನಿಮ್ಮ ಅಂಗಿಗೆ ಗುಂಡಿ ಹೊಲಿಯುತ್ತಿದ್ದೆ.

ಅದನ್ನೂ ಸಹಿಸಿದ್ದೆ. ಆ ಕೊನೆಯ ಸಲದ್ದನ್ನು ಸಹಿಸಲಾಗಲಿಲ್ಲ. ನನ್ನನ್ನು ಕಂದಕದಲ್ಲಿ ನಿಲ್ಲಿಸಿ ನೀವು ಆಚೆ ಬದಿಗೆ ಹೋದಿರಿ. ಅಲ್ಲಿ ಕುರಿ ಕಾಯುವವರೊಬ್ಬರು ಸಿಕ್ಕರು, ಪಕ್ಕದಲ್ಲಿ ಇನ್ನೊಂದು ಕೋಟೆ ಇದೆ ಅಂದರು, ನೀವು ಅವರನ್ನು ಕಾರಿಗೆ ಹತ್ತಿಸಿಕೊಂಡು ಹೊರಟೇಬಿಟ್ಟಿರಿ. ನಾನು ಬಿಸಿಲಲ್ಲಿ ನಿಂತೇ ಇದ್ದೆ. ಕಾರಿನ ಸದ್ದು ಮತ್ತೆ ಕೇಳಿದಾಗ, ಪಾಪ, ನೆನಪಾಗಿ ಓಡಿಬಂದರು ಎಂದು ನನಗೆ ಕಣ್ಣಲ್ಲಿ ನೀರೇ ಬಂತು. ನೀವು ಕಾರಿನಿಂದ ಇಳಿಯದೆ, ಬೇಗ ಬಾ, ಬೆಳಕು ಹೋಗ್ತಿದೆ, ನೀನಿಲ್ಲದೆ ಎತ್ತರ ಗೊತ್ತಾಗಲ್ಲ ಅಂದಿರಿ.

ಮಾರನೆಯ ದಿನ ನಾನು ಇಲ್ಲಿಗೆ ಬಂದೆ. ಅಕ್ಕನಿಗೆ ಕೈನೋವು, ಎಂಟು ದಿನ ಬೇಕರಿಗೆ ಸಹಾಯ ಮಾಡಿ ಬರುತ್ತೇನೆ ಅಂದಿದ್ದೆ. ಎಂಟು ದಿನ ಎರಡು ವರ್ಷವಾಯಿತು. ಅಕ್ಕನ ಕೈಗೆ ಏನೂ ಆಗಿಲ್ಲ, ಅವಳು ಇವತ್ತಿಗೂ ನನಗಿಂತ ಚೆನ್ನಾಗಿ ಹಿಟ್ಟು ನಾದುತ್ತಾಳೆ. ನೀವು ಮಾತ್ರ ಪ್ರತಿ ಸಲ ಮಗಳ ಹತ್ತಿರ ದೊಡ್ಡಮ್ಮನ ಕೈನೋವು ವಾಸಿಯಾಯಿತೇ ಎಂದು ಕೇಳುತ್ತೀರಿ. ಅದಕ್ಕೆ ನಗಬೇಕೋ ಅಳಬೇಕೋ ನನಗೆ ತಿಳಿಯುವುದಿಲ್ಲ.

ಅಕ್ಕ ಹಠ ಹಿಡಿದಳು ಎಂದು ಮೇಲೆ ಬರೆದೆನಲ್ಲ, ಅದೂ ಸುಳ್ಳು. ವಾರಕ್ಕೊಂದು ರಜೆ, ಮಲಗೋಕೆ ಬಿಡೇ ಮಾರಾಯ್ತಿ ಅಂದವಳನ್ನು ನಾನೇ ಎಬ್ಬಿಸಿ ಕರೆದುಕೊಂಡು ಹೋದೆ. ದಾರಿ ನೋಡಲು ನಿಮ್ಮ ಪುಸ್ತಕ ಚೀಲದಲ್ಲಿತ್ತು.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಇದು ಹತ್ತಿರದಿಂದಲೂ ನುಣ್ಣಗೇ ಇತ್ತು. ಬರೀ ಹುಲ್ಲು. ನಾಲ್ಕು ಹಸು ಮೇಯುತ್ತಿದ್ದವು. ಇದನ್ನ ನೋಡೋಕಾ ಬಸ್ಸಲ್ಲಿ ಅಷ್ಟು ದೂರ ಕುಲುಕಿಸಿಕೊಂಡು ಬಂದಿದ್ದು, ನಿನ್ನ ಗಂಡನ ಹುಚ್ಚೇ ನಿನಗೂ ಹಿಡಿದಿದೆ ಅಂದಳು ಅಕ್ಕ. ನನಗೆ ಕಂದಕಕ್ಕೆ ಇಳಿಯುವ ಮನಸ್ಸಾಗಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ದಿಬ್ಬದ ಮೇಲಕ್ಕೆ ಹತ್ತಿದೆ. ಕೂತು ತಂದಿದ್ದ ಬನ್ನು ತಿಂದೆವು. ಅಕ್ಕ ಅಲ್ಲೇ ಹುಲ್ಲಿನ ಮೇಲೆ ಗೊರಕೆ ಹೊಡೆದಳು.

ಹೊತ್ತು ಇಳಿಯಿತು ನೋಡಿ, ಆಗ ಕಂಡಿತು. ಅಡ್ಡ ಬಿಸಿಲು ಬಿದ್ದ ಕೂಡಲೇ ಹುಲ್ಲಿನ ಅಡಿಯಿಂದ ಎಲ್ಲ ಎದ್ದು ಬಂತು. ಕಾಲಡಿಯ ಕಂದಕ ಕಪ್ಪಗಾಯಿತು. ಅದರಾಚೆ ಇನ್ನೊಂದು ದಿಬ್ಬ, ಅದರಾಚೆ ಸವೆದುಹೋದ ಮೂರನೆಯದು, ಬಾಗಿಲಿದ್ದ ಕಡೆ ಒಂದು ತೆರಪು. ಕಲ್ಲಿಲ್ಲ, ಗೋಡೆಯಿಲ್ಲ, ಯಾರೋ ಬುಟ್ಟಿಯಲ್ಲಿ ಹೊತ್ತು ಸುರಿದ ಮಣ್ಣು ಅಷ್ಟೇ, ಇಷ್ಟು ಕಾಲ ಹಾಗೇ ಕೂತಿದೆ. ನೀವು ಮೇಲೆ ನಿಂತು ಯಾಕೆ ಖುಷಿಯಲ್ಲಿ ಕೂಗಾಡುತ್ತಿದ್ದಿರಿ ಎಂದು ಗೊತ್ತಾಯಿತು. ಕೆಳಗೆ ನಿಂತವಳಿಗೆ ಇದು ಯಾವುದೂ ಕಾಣುವುದಿಲ್ಲ, ಅವಳ ಮುಂದೆ ಇರುವುದು ಹುಲ್ಲಿನ ಗೋಡೆ ಒಂದೇ. ಒಂದು ಸಲವಾದರೂ ಮೇಲೆ ಕರೆದು ತೋರಿಸಬಹುದಿತ್ತು.

ಇನ್ನೊಂದು ಸಂಗತಿಯೂ ಹೊಳೆಯಿತು. ದಿಬ್ಬಕ್ಕೆ ಬೇರೆ ಕಡೆಯಿಂದ ಮಣ್ಣು ಬಂದಿಲ್ಲ. ಕಂದಕ ತೋಡಿ ತೆಗೆದದ್ದೇ ಮೇಲೆ ಬಿದ್ದು ಎತ್ತರವಾಗಿದೆ. ಇದು ನಿಮಗೆ ಗೊತ್ತಿರುವುದೇ. ಆದರೂ ನನ್ನ ಬಾಯಿಂದ ಒಮ್ಮೆ ಕೇಳಿಸಿಕೊಳ್ಳಿ.

ಅಷ್ಟರಲ್ಲಿ ಅಕ್ಕ ಎದ್ದು ನಿಮ್ಮ ಪುಸ್ತಕ ತೆರೆದಿದ್ದಳು. ನಾನು ಅದನ್ನು ಯಾವತ್ತೂ ಓದಿಲ್ಲ, ಅದರೊಳಗೆ ನಿಂತದ್ದೇ ಸಾಕಾಗಿತ್ತು. ಅಕ್ಕ ಮೊದಲ ಚಿತ್ರದ ಕೆಳಗಿನ ಸಾಲು ಗಟ್ಟಿಯಾಗಿ ಓದಿದಳು: ಅಳತೆಗೆ ನಿಂತ ವ್ಯಕ್ತಿ, ಎತ್ತರ ಐದು ಅಡಿ ನಾಲ್ಕು ಅಂಗುಲ. ಓದಿದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಸುಗಳು ತಲೆಯೆತ್ತಿ ನೋಡಿದವು. ಐದು ನಾಲ್ಕು ಅನ್ನೋದು ಮದುವೆ ಮಾತುಕತೇಲಿ ಚಿಕ್ಕಮ್ಮ ಬಿಟ್ಟ ಸುಳ್ಳಲ್ವೇನೇ ಅಂದಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬೇಕಂತೆ. ಚಿಕ್ಕಮ್ಮ ಹೇಳಿದ್ದು ಮೂರೇ ಅಂಗುಲ. ಮೇಷ್ಟ್ರೇ, ನಾನು ಐದು ಅಡಿ ಒಂದು ಅಂಗುಲ. ನಿನ್ನೆ ಉಗ್ರಾಣದ ಬಾಗಿಲಿಗೆ ಒರಗಿ ನಿಂತೆ, ಅಕ್ಕ ಗೀಟು ಹಾಕಿ ಅಳೆದಳು. ಅನುಮಾನವಿದ್ದರೆ ಗೀಟು ಹಾಗೇ ಇದೆ. ಅರವತ್ತೊಂದು ಅಂಗುಲಕ್ಕೆ ಮೂರು ಜಾಸ್ತಿ ಎಂದರೆ ಇಪ್ಪತ್ತರಲ್ಲಿ ಒಂದು ಪಾಲು, ಆ ಹುಡುಗಿ ಹೇಳಿದ್ದು ಸರಿ. ನಿಮ್ಮ ಉತ್ತರ ಹರಿದುಹಾಕಿ, ಅವಳಿಗೆ ಒಂದು ಒಳ್ಳೆಯ ಮಾತು ಬರೆಯಿರಿ. ಕಳಿಸಿಬಿಟ್ಟರೆ ನಾಲ್ಕು ಜನರ ಮುಂದೆ ತಲೆ ತಗ್ಗಿಸುವವರು ನೀವು, ಅದನ್ನು ನೋಡಲು ನನ್ನ ಕೈಲಾಗುವುದಿಲ್ಲ.

ನೀವು ಇಷ್ಟು ವರ್ಷ ಕಂಡ ಕಂಡ ದಿಬ್ಬವನ್ನೆಲ್ಲ ಅಳೆದಿರಿ. ಪಕ್ಕದಲ್ಲಿ ಮಲಗಿದ್ದವಳನ್ನು ಒಂದು ಸಲವೂ ಅಳೆಯಲಿಲ್ಲ, ನೀನೆಷ್ಟು ಎತ್ತರ ಎಂದು ಕೇಳಲೂ ಇಲ್ಲ. ನನಗೆ ತುಂಬ ದುಃಖವಾಯಿತು. ಅದರ ಜೊತೆಗೇ ನಗುವೂ ಬಂತು. ಬಸ್ಸಿನಲ್ಲಿ ಅಕ್ಕನೂ ನಾನೂ ಮನೆಯವರೆಗೆ ನಗುತ್ತಲೇ ಬಂದೆವು. ಈಗ ಸಿಟ್ಟು ಅಷ್ಟಾಗಿ ಉಳಿದಿಲ್ಲ.

ಸಂಜೆಯ ಬ್ರೆಡ್ಡಿಗೆ ಹಿಟ್ಟು ಉಬ್ಬಿ ಕೂತಿದೆ. ಫೋಟೋ ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ಅಳತೆಗೆ ನಿಂತ ವ್ಯಕ್ತಿ

ಮತ್ತೆ: ಫೋಟೋದಲ್ಲಿ ನನ್ನನ್ನು ಹುಡುಕಬೇಡಿ, ನಾನಿಲ್ಲ. ದಿಬ್ಬದ ಎತ್ತರ ಅದರಿಂದ ಗೊತ್ತಾಗುವುದಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ಬಸ್ಸು ಹತ್ತಿ ಬನ್ನಿ, ಬೇಕರಿಯ ಮೇಲಿನ ಕೋಣೆಯಲ್ಲಿ ಜಾಗವಿದೆ. ಈ ಸಲ ಕಂದಕದಲ್ಲಿ ನೀವು ನಿಲ್ಲಿ, ಕ್ಯಾಮೆರಾ ನಾನು ಹಿಡಿಯುತ್ತೇನೆ. ನಿಮ್ಮ ಎತ್ತರ ಐದು ಅಡಿ ಏಳೂವರೆ, ಸ್ವೆಟರ್ ಹೆಣೆಯುವಾಗ ಅಳೆದಿದ್ದೆ. ಹೆದರಬೇಡಿ, ಅಲ್ಲೇ ಮರೆತು ಬರುವುದಿಲ್ಲ.