ಗುಬ್ಬಿ ಹೊಕ್ಕ ಮಾರ್ಟಿನ್ ಮನೆ

ಹೋಮ್ಸ್ ಕೌಂಟಿ, ಒಹಾಯೊ
ಮೇ ೨೮, ಮಂಗಳವಾರ

ಪ್ರೀತಿಯ ಮಗ ಎಫ್ರೇಮ್,

ಹೇಗಿದ್ದೀಯಪ್ಪ? ಬೆಸುಗೆ ಹಾಕುವಾಗ ಸುಟ್ಟುಕೊಂಡ ಕೈ ಮಾಯಿತೇ? ಕ್ಯಾರೊಲಿನ್‌ಗೆ ಬೆಳಗಿನ ವಾಂತಿ ನಿಂತಿದ್ದರೆ ಇನ್ನಾದರೂ ಹೊಟ್ಟೆ ತುಂಬ ಉಣ್ಣಲು ಹೇಳು, ಸೊಸೆಯ ಮುಖ ನೋಡದಿದ್ದರೂ ಬೈಯುವ ಹಕ್ಕು ನನಗಿದೆ. ಇಲ್ಲಿ ನಿಮ್ಮಪ್ಪನ ಮಂಡಿನೋವು ಹಾಗೆಯೇ ಇದೆ, ಮೌನವೂ ಹಾಗೆಯೇ ಇದೆ. ನಾನು ಗಟ್ಟಿಯಾಗಿದ್ದೇನೆ. ಈ ಮನೆಯಲ್ಲಿ ಯಾರಾದರೊಬ್ಬರು ಗಟ್ಟಿಯಾಗಿರಬೇಕಲ್ಲ.

ಅಂಗಳದ ಕಂಬದ ಮೇಲೆ ಮಾರ್ಟಿನ್ ಜಾತಿಯ ಹಕ್ಕಿಗಳಿಗೆಂದು ನಿಮ್ಮಜ್ಜ ಕಟ್ಟಿದ ಹಲವು ಕೋಣೆಗಳ ಮರದ ಮನೆ ಈ ಚಳಿಗಾಲದ ಹಿಮಕ್ಕೆ ಕೊಳೆತುಹೋಯಿತು. ಆದರೂ ಹಕ್ಕಿಗಳು ಬ್ರೆಜಿಲ್‌ನಿಂದ ಹಾರಿ ಬಂದು ಅದಕ್ಕೇ ಇಳಿದವು. ಮನುಷ್ಯರು ಕಟ್ಟಿಕೊಟ್ಟ ಗೂಡು ಬಿಟ್ಟು ಅವಕ್ಕೆ ಬೇರೆ ಗತಿಯಿಲ್ಲ, ಮುನಿಸಿಕೊಂಡು ಹೋದರೆ ಮತ್ತೆ ಆ ಅಂಗಳಕ್ಕೆ ಬರುವುದೂ ಇಲ್ಲ. ನೆರೆಮನೆಯ ಬೈಲರ್ ಅವರ ಕಂಬ ವರ್ಷಗಳಿಂದ ಬರಿದಾಗಿ ನಿಂತಿರುವುದನ್ನು ನೀನೇ ಕಂಡಿದ್ದೀಯ. ನಮ್ಮಲ್ಲಿ ಬಿರುಕುಬಿಟ್ಟ ಮೂಲೆಕೋಣೆಯೊಳಗೆ ಒಂದು ಗಂಡುಗುಬ್ಬಿ ಹುಲ್ಲು ತುಂಬಿಕೊಂಡು ಯಜಮಾನನಂತೆ ಕುಳಿತಿತು. ಆ ಮನೆಯನ್ನು ಕೆಳಗಿಳಿಸಲು ಬರುವುದಿಲ್ಲವಲ್ಲ, ನಿಮ್ಮಪ್ಪ ಆ ಮಂಡಿಯಲ್ಲೇ ಏಣಿ ಹತ್ತಿ ಹುಲ್ಲನ್ನು ಕಿತ್ತೆಸೆದರು. ನಾನು ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದೆ. ಮೊದಲು ಬೋನಿಟ್ಟು ಗುಬ್ಬಿಯನ್ನು ಹಿಡಿಯಿರಿ ಎಂದು ನಿನ್ನ ತಂಗಿ ಓರ್ಫಾ ಬಡಿದುಕೊಂಡಳು. “ನಾವು ಕೈ ಎತ್ತೋ ಜನ ಅಲ್ಲ ಕಣಮ್ಮ. ಗೂಡು ತೆಗ್ದಿದ್ದೀನಿ, ಅರ್ಥ ಮಾಡ್ಕೊಂಡು ಅದೇ ಹೋಗುತ್ತೆ ಬಿಡು” ಎಂದರು ನಿಮ್ಮಪ್ಪ. ಹೊಡೆದವರಿಗೆ ತಿರುಗಿ ಹೊಡೆಯಬಾರದು ಎಂಬುದು ನಮ್ಮ ಚರ್ಚಿನ ಸಭೆಯ ನೇಮ, ಸರಿ. ಆದರೆ ಗುಬ್ಬಿ ನಮ್ಮ ಸಭೆಗೆ ಸೇರಿಲ್ಲ. ಗೂಡು ಹೋದ ಸಿಟ್ಟಿಗೆ ಅದು ಕೋಣೆಕೋಣೆಗೆ ನುಗ್ಗಿ ಮಾರ್ಟಿನ್ ಮೊಟ್ಟೆಗಳನ್ನೆಲ್ಲ ಕುಕ್ಕಿ ತೂತು ಮಾಡಿತು. ಕಂಬದ ಬುಡದಲ್ಲಿ ಚಿಪ್ಪು ಗುಡಿಸಿದವಳು ನಾನು. ಈಗ ಹಕ್ಕಿಗಳು ಒಳಗೆ ಹೋಗಲು ಹೆದರಿ ಕೊಟ್ಟಿಗೆಯ ಮಾಡಿನ ಮೇಲೆ ಕುಳಿತಿವೆ. ಈ ವಾರದೊಳಗೆ ಬೇರೆ ಮನೆ ಏರದಿದ್ದರೆ ಅವು ಹೊರಟೇಹೋಗುತ್ತವೆ.

ಒಣಗಿದ ಸೋರೆಬುರುಡೆ ತೂಗುಹಾಕೋಣವೆಂದರೆ ಒಂದೆರಡು ವರ್ಷಕ್ಕೆ ಒಡೆಯುತ್ತದೆ. ಪೈನ್ ಹಲಗೆಯದಾದರೆ ಮತ್ತೆ ಇದೇ ಗೋಳು. ಬಾಳಿಕೆ ಬರುವುದು ನೀನು ಮಾಡಿ ಕಳಿಸಿದ ಅಲ್ಯೂಮಿನಿಯಂ ಮನೆಯೇ. ಹಗ್ಗ ಎಳೆದರೆ ಕೆಳಗಿಳಿಯುತ್ತದೆ, ಪ್ರತಿ ಕೋಣೆಗೂ ತೆರೆಯುವ ಬಾಗಿಲು, ಗುಬ್ಬಿ ಹೊಕ್ಕರೆ ಅಲ್ಲೇ ಹಿಡಿಯಬಹುದು. ಆದರೆ ಮಗನೇ, ಕಳಿಸಿದ ರೀತಿ ಮಾತ್ರ ನನ್ನ ಹೊಟ್ಟೆ ಉರಿಸಿತು. ದೀಕ್ಷಾಸ್ನಾನವಾದ ಮೇಲೆ ಸಭೆ ಬಿಟ್ಟು ಬಹಿಷ್ಕಾರ ಹೊತ್ತವನು ನೀನು. ನಿನ್ನ ಕೈಯಿಂದ ನಮ್ಮ ಕೈ ಒಂದು ಉಪ್ಪಿನ ಕುಡಿಕೆಯನ್ನೂ ಈಸಿಕೊಳ್ಳುವಂತಿಲ್ಲ, ಮೇಜಿನ ಮೇಲಿಟ್ಟರೆ ಎತ್ತಿಕೊಳ್ಳಬಹುದು ಅಷ್ಟೆ. ಇದನ್ನು ಚಿಕ್ಕಂದಿನಿಂದ ನೋಡಿದ ನೀನೇ ಮರೆತೆಯಾ? ಹಾಲಿನ ಲಾರಿಯ ರಸೆಲ್ ಪಾಪ ಹೊರಗಿನವನು. ಅದರ ಹಗ್ಗವನ್ನು ಮುಂದಕ್ಕೆ ಚಾಚಿ, “ಯಜಮಾನ್ರೇ, ನಿಮ್ ಮಗ ಕಳ್ಸಿದ್ದು. ಅವನ ಪರವಾಗಿ ನಿಮ್ ಕೈಗೇ ಕೊಡ್ಬೇಕಂತೆ” ಎಂದುಬಿಟ್ಟ. ನಿಮ್ಮಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, “ವಾಪಸ್ ತಗೊಂಡ್ಹೋಗಪ್ಪ” ಎಂದರು. ಸುಮ್ಮನೆ ಕೊಟ್ಟಿಗೆಯಲ್ಲಿ ಇಳಿಸಿ ಹೋಗು ಎಂದು ಹೇಳಿ ಕಳಿಸಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ನಿನಗೆ ಬೇಕಾಗಿದ್ದುದು ಹಕ್ಕಿಯ ಮನೆ ತಲುಪುವುದಲ್ಲ, ಅವರು ಕೈಚಾಚುವುದು. ಅದು ನನಗೆ ತಿಳಿಯದೇ? ನಾನೂ ಅದನ್ನೇ ಬೇಡುತ್ತೇನೆ. ಅದನ್ನು ವಾಪಸ್ ಹೊತ್ತ ಲಾರಿ ತಿರುವು ದಾಟುವವರೆಗೂ ಅವರು ದಾರಿಯಲ್ಲೇ ನಿಂತಿದ್ದರು. ಒಳಗೆ ಬಂದವರು, “ಬೆಸುಗೆ ಚೆನ್ನಾಗಿ ಕೂತಿತ್ತು” ಎಂದಷ್ಟೇ ಹೇಳಿ ಊಟಕ್ಕೆ ಕುಳಿತರು.

ನಿಮ್ಮಿಬ್ಬರನ್ನೂ, ಹೊಟ್ಟೆಯೊಳಗಿನ ಕೂಸನ್ನೂ ದೇವರು ಕಾಯಲಿ. ಓರ್ಫಾ ನಿನ್ನನ್ನು ಕೇಳಿದಳೆಂದು ಬರೆ ಅಂದಳು, ಬರೆದಿದ್ದೇನೆ.

ನಿನ್ನ ಅಮ್ಮ,
ಸಲೋಮಾ

ಮರೆಯುವ ಮುನ್ನ: ಲಕೋಟೆ ಅಂಟಿಸುವಷ್ಟರಲ್ಲಿ ಹೊರಗೆ ಗುದ್ದಲಿ ಸದ್ದು ಕೇಳಿ ಹೋಗಿ ನೋಡಿದೆ. ಹಳೆಯ ಕಂಬದ ಪಕ್ಕದಲ್ಲಿ ನಿಮ್ಮಪ್ಪ ಹೊಸ ಗುಂಡಿ ತೋಡುತ್ತಿದ್ದಾರೆ. ಯಾವ ಮನೆಗೆ ಎಂದು ಕೇಳಿದೆ. ತಲೆ ಎತ್ತದೆ, “ನೆಲದ ಮೇಲೆ ಬಿದ್ದಿರೋದನ್ನ ಎತ್ಕೋಬೇಡಿ ಅಂತ ಯಾವ ಸಭೇನೂ ಹೇಳಿಲ್ಲ” ಎಂದರು. ರಸೆಲ್‌ನನ್ನು ಕಳಿಸಬೇಡ, ನೀನೇ ಬಾ, ಗುರುವಾರವೇ ಬಾ. ನಿನ್ನ ಹಕ್ಕಿಮನೆಯನ್ನು ಗುಂಡಿಯ ಪಕ್ಕ ಹುಲ್ಲಿನ ಮೇಲೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ನಿಲ್ಲು. ಎಷ್ಟು ಆಸೆಯಾದರೂ ಕೈ ಮಾತ್ರ ಚಾಚಬೇಡ ಮಗನೇ. ಚಾಚಿದರೆ ಅವರು ಮತ್ತೆ ಕೈ ಹಿಂದೆ ಕಟ್ಟಲೇಬೇಕಾಗುತ್ತದೆ, ಅದನ್ನು ಇನ್ನೊಮ್ಮೆ ನೋಡಲು ನನ್ನಿಂದ ಆಗುವುದಿಲ್ಲ.