ಹೊಳೆ ದಾಟಿದ ಕಾಕೆರೋರಿ

ಅಕ್ಟೋಬರ್ 3, ಗುರುವಾರ, ಬೆಳಿಗ್ಗೆ

ಹಕ್ಕಿ ಮೊಟ್ಟೆ ಉಳಿಸೋಕೆ ಕಾಡಲ್ಲಿ ಇಲಿ ಪಾಷಾಣ ಇಟ್ಟು ಬಂದೆ. ನಲವತ್ತು ಡಬ್ಬಿ. ಮಂಡಿ ಹಿಡ್ಕೊಂಡಿದೆ. ಸೊಳ್ಳೆಗಳಿಗೆ ಹಬ್ಬದೂಟ.

ನನ್ನ ಕಾಕೆರೋರಿ ಹಕ್ಕಿ ಇವತ್ತೂ ಕಾಣಲಿಲ್ಲ— ಕಾಲಿಗೆ ಕೆಂಪು ಉಂಗುರ ಇರೋ ಗಂಡು. ದಿನಾ ನನ್ನ ತಲೆ ಹತ್ರಾನೇ ಹಾರಾಡ್ಕೊಂಡು ಹುಳ ಹಿಡಿಯುತ್ತೆ, ನಾನು ಮನೆ ಸುದ್ದಿಯೆಲ್ಲ ಹೇಳ್ತೀನಿ. ವಾರದಿಂದ ನಾಪತ್ತೆ. ಹುಡುಕಿ ಹುಡುಕಿ ನೋಡಿದ್ರೆ— ಹೊಳೆಯಾಚೆ, ನನ್ನ ಸ್ವಂತ ಅಕ್ಕ ನೂರೋವಾಳ ಜಾಗದಲ್ಲಿ ಗೂಡು ಕಟ್ಟಿದೆ! ಹೆಂಡತಿ ಸಮೇತ. ದ್ರೋಹಿ.

ನಮ್ಮ ಡಬ್ಬಿಗಳು ಹೊಳೆ ತನಕ ಮಾತ್ರ. ಆಚೆ ಇಲಿಗಳದ್ದೇ ರಾಜ್ಯ. ಮೊಟ್ಟೆ ಉಳಿಯಲ್ಲ.

ಅದೇ ದಿನ, ಸಂಜೆ

ಜೊತೆಗೆ ಕೆಲಸ ಮಾಡೋ ಹುಡುಗ ತಾಂಗಿ ಹೇಳ್ತಾನೆ, "ಚಿಕ್ಕಮ್ಮ, ಸುಮ್ನೆ ದಾಟಿ ಮರಕ್ಕೆ ತಗಡು ಸುತ್ತಿ ಬನ್ನಿ. ಇಲಿ ಹತ್ತಲ್ಲ. ಯಾರು ನೋಡ್ತಾರೆ?"

ಇನ್ನೊಬ್ಬರ ಜಾಗಕ್ಕೆ ಕೇಳದೆ ಕಾಲಿಡೋದಾ! ಅಂಗಳದ ಸಮಾಧಿಯಿಂದ ಅಪ್ಪ ಎದ್ದು ಬರ್ತಾನೆ. ಕೇಳೋಣ ಅಂದ್ರೆ ಅಕ್ಕನ ಜೊತೆ ಮಾತು ಬಿಟ್ಟು ಎರಡು ವರ್ಷ. ಅವಳ ಹಂದಿ ನನ್ನ ಕೆಸುವಿನ ಗದ್ದೆಯನ್ನೆಲ್ಲ ಅಗೆದು ತಿಂದ ದಿನದಿಂದ.

ಅಕ್ಟೋಬರ್ 6, ಭಾನುವಾರ

ಚರ್ಚಲ್ಲಿ ಬೆಂಚಿನ ಆ ತುದಿ ಅವಳು, ಈ ತುದಿ ನಾನು. ಹೊಸ ಟೋಪಿ ಬೇರೆ. ಬೇಕಂತಲೇ ನನಗಿಂತ ಜೋರಾಗಿ ಹಾಡಿದಳು. ನಾನೇನು ಕಮ್ಮಿಯಾ... ಗಂಟಲು ಕೂತಿದೆ. ಕೇಳೋದು ಮಾತ್ರ ಆಗಲಿಲ್ಲ.

ಸಂಜೆ ಈಚೆ ದಡದಿಂದ ನೋಡಿದೆ. ಹೆಣ್ಣು ಕಾವಿಗೆ ಕೂತಿದೆ. ಅದೇ ಮರದ ಬುಡದಲ್ಲಿ ಇಲಿ.

ಅಕ್ಟೋಬರ್ 7, ಸೋಮವಾರ

ಹೋದೆ. ಕೈಯಲ್ಲಿ ಬಾಳೆಹಣ್ಣು ಬೇಯಿಸಿ ಮಾಡಿದ ಸಿಹಿ ಪೋಕೆ, ಇನ್ನೂ ಬಿಸಿ.

"ಏನೇ ಅಕಾಯಿತಿ, ದಾರಿ ತಪ್ತಾ?" ಅಂತ ನನ್ನ ಹೆಸರು ಹಿಡಿದೇ ಕೇಳಿದಳು ಅಕ್ಕ.

"ನನ್ನ ಹಕ್ಕಿ ನಿನ್ನ ಜಾಗದಲ್ಲಿದೆ. ಮರಕ್ಕೆ ತಗಡು ಸುತ್ತಬೇಕು."

"ನನ್ನ ಜಾಗಕ್ಕೆ ಬಂದ ಮೇಲೆ ನನ್ನ ಹಕ್ಕಿ."

"ಓಹೋ! ಹಾಗಾದ್ರೆ ನನ್ನ ಗದ್ದೆಗೆ ಬಂದ ಹಂದಿ ನಂದಾ? ಅವತ್ತೇ ಹೇಳಿದ್ರೆ ಸುಟ್ಕೊಂಡು ತಿಂತಿದ್ದೆ!"

ಅಕ್ಕ ಮುಖ ಗಂಟು ಹಾಕ್ಕೊಂಡು ದುರುಗುಟ್ಟಿದಳು. ಆಮೇಲೆ ಹೊಟ್ಟೆ ಹಿಡ್ಕೊಂಡು ನಗೋಕೆ ಶುರು. ನಂಗೂ ತಡೆಯೋಕಾಗಲಿಲ್ಲ. ತಗಡು ಅವಳು ಹಿಡಿದಳು, ತಂತಿ ನಾನು ಬಿಗಿದೆ. "ಸೊಟ್ಟ... ಸೊಟ್ಟ ಕಣೇ" ಅಂತ ಬೈತಾನೇ ಇದ್ದಳು.

ಅಕ್ಟೋಬರ್ 22, ಮಂಗಳವಾರ

ಎರಡು ಮರಿ! ಎರಡೂ ಬಾಯಿ ಬಿಟ್ಕೊಂಡೇ ಇವೆ. ಅಪ್ಪ ಹಕ್ಕಿ ಹುಳ ತಂದು ತಂದು ಸುಸ್ತು. ಅಕ್ಕನೂ ನಾನೂ ಬಂಡೆ ಮೇಲೆ ಕೂತು ನೋಡಿದ್ವಿ. ಕೇಳಿಯೇಬಿಟ್ಟೆ— ಇದು ನಮ್ಮ ಕಡೆ ಬಿಟ್ಟು ಇಲ್ಲಿಗ್ಯಾಕೆ ಬಂತು?

"ನಾನೇ ಕರೆದೆ. ದಿನಾ ತುಟಿಯಲ್ಲಿ ಚುಯ್ ಚುಯ್ ಅಂತ."

"ಯಾಕೇ?"

ಅಕ್ಕ ಮರಿಗಳ ಕಡೆ ನೋಡ್ತಾನೇ ಹೇಳಿದಳು. "ಎರಡು ವರ್ಷ ನೀನು ಆ ದಡದಲ್ಲಿ ಅದ್ರ ಹತ್ರ ಮಾತಾಡ್ತಿದ್ದೆ. ನಾನು ದಿನಾ ಬಂದು ಇದೇ ಬಂಡೆ ಮೇಲೆ ಕೂತು ಕೇಳ್ತಿದ್ದೆ. ನಿನ್ನ ಮಂಡಿ ನೋವೂ ಗೊತ್ತು ನಂಗೆ. ಅದು ಈ ಕಡೆ ಬಂದ್ರೆ, ಹಿಂದೆ ನೀನೂ ಬರ್ತೀಯೇನೋ ಅಂತ..."

ಅತ್ತುಬಿಟ್ಟೆ. ಅರವತ್ತೆರಡು ವರ್ಷದ ಕತ್ತೆ ನಾನು. ನಾಳೆ ಡಬ್ಬಿ ಕೆಲಸ ಆಮೇಲೆ, ಮೊದಲು ಅಕ್ಕನ ಹತ್ರ ಹೋಗಿ ಮನೆ ಸುದ್ದಿಯೆಲ್ಲ ಅವಳಿಗೇ ಹೇಳ್ಬೇಕು.