ಬೆಳೆಯೋ, ಬೇಳೆಯೋ

ಕೆಂಚಾರ್ಲಹಳ್ಳಿ
10-11-1963, ಭಾನುವಾರ

ಪ್ರೀತಿಯ ತಂಗಿ ಶ್ಯಾಮಲಳಿಗೆ,

ನಿನ್ನ ಅಕ್ಕ ಅನಸೂಯ ಮನಸಾರೆ ಹರಸಿ ಬರೆಯುವುದು. ಗೌರಿಹಬ್ಬದ ಬಾಗಿನ ತಲುಪಿತೆಂದು ನೀನು ಗೌರಿಬಿದನೂರಿನಿಂದ ಬರೆದ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಅಕ್ಕ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ತಪ್ಪು ನನ್ನದೇ. ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಅದು ಮುಗಿಯುವ ತನಕ ನನಗೆ ಊಟದ ಮೇಲೂ ಗಮನವಿರಲಿಲ್ಲ. ಮೊನ್ನೆ ಗುರುವಾರ ಮುಗಿಯಿತು. ಗೆದ್ದೆ ಕಣೇ!

ಈ ವರ್ಷ ನನಗೆ ಎರಡನೇ ಕ್ಲಾಸು. ಮೂವತ್ತೊಂದು ಮಕ್ಕಳು, ಮುಕ್ಕಾಲು ಪಾಲು ಮಕ್ಕಳ ಮನೆಮಾತು ತೆಲುಗು. ಕಾಗುಣಿತ ಒಪ್ಪಿಸಿ ಎಂದರೆ ‘ಕ ತಲಕಟ್ಟು ಕ, ಕ ಇಳಿ ಕಾ’ ಎಂದು ತಡೆಯಿಲ್ಲದೆ ಒಪ್ಪಿಸುತ್ತವೆ. ಬರೆಯಿರಿ ಎಂದರೆ ದೀರ್ಘವೆಲ್ಲ ಮಾಯ. ಕೂಲಿ ‘ಕುಲಿ’ ಆಗುತ್ತದೆ, ಶಾಲೆ ‘ಶಲೆ’ ಆಗುತ್ತದೆ. ನಮ್ಮ ಹೆಡ್‌ಮಾಸ್ಟರು ಚೆನ್ನರಾಯಪ್ಪನವರು, “ನೂರು ಸಲ ಬರೆಸೀಮ್ಮ, ತಾನಾಗೇ ಬರ್ತದೆ” ಅಂದರು. ಬರೆಸಿದೆ. ನೂರು ಸಲವೂ ತಪ್ಪಾಗಿಯೇ ಬರೆದರು.

ಒಂದು ದಿನ ಏನೋ ತೋಚಿ, “ನಿಮಗೆ ಬೇಕಾದ್ದನ್ನ ಸ್ಲೇಟಲ್ಲಿ ಬರೆದು ಕೇಳಿ. ಏನು ಬರೆದಿರ್ತದೋ ಅದನ್ನೇ ಕೊಡ್ತೀನಿ” ಎಂದೆ. ಆಂಜಿನಮ್ಮ ಎಂಬ ಹುಡುಗಿ, ರೇಷ್ಮೆಹುಳು ಸಾಕುವ ಕೋನಪ್ಪನ ಮಗಳು, ಎಲ್ಲರಿಗಿಂತ ಮೊದಲು ಓಡಿಬಂದಳು. ಸ್ಲೇಟಿನಲ್ಲಿ ‘ಬಳೆ ಹಣ್ಣು ಕೊಡಿ’ ಎಂದಿತ್ತು. ನಾನು ಕೈಯಿಂದ ಒಂದು ಗಾಜಿನ ಬಳೆ ತೆಗೆದು ಅವಳ ಅಂಗೈಯಲ್ಲಿಟ್ಟು, “ತಿನ್ನಮ್ಮ” ಎಂದೆ.

ಕ್ಲಾಸೆಲ್ಲ ಗೊಳ್ಳೆಂದಿತು. ಅವಳು ಬಳೆ ನೋಡಿದಳು, ಸ್ಲೇಟು ನೋಡಿದಳು. “ಅಯ್ಯೋ, ದೀರ್ಘ ಬಿಟ್ಟೋಯ್ತು ಟೀಚರಮ್ಮ!” ಎಂದು ಉಗುಳು ಹಚ್ಚಿ ಅಳಿಸಿ ‘ಬಾಳೆ’ ಮಾಡಿದಳು. ಮಾರನೆಯ ದಿನ ಹಣ್ಣು ಕೊಟ್ಟೆ. ಅಂದಿನಿಂದ ಅದೇ ಪಾಠ. ‘ಕೊಡು’ ಎಂದು ಬರೆಯುವ ಬದಲು ‘ಕೋಡು’ ಎಂದು ಬರೆದವರ ತಲೆಯ ಮೇಲೆ ನನ್ನ ಎರಡು ಬೆರಳೇ ಕೋಡು. ಬರೆಯುವ ಮುಂಚೆ ಬಾಯಿಬಿಟ್ಟು ಹೇಳಿ, ಎಷ್ಟು ಎಳೆದೆವೆಂದು ಕೇಳಿಸಿಕೊಂಡು, ಆಮೇಲೆ ಬಳಪ ಹಿಡಿಯುವುದು ಅವರಿಗೇ ಅಭ್ಯಾಸವಾಯಿತು.

ಚೆನ್ನರಾಯಪ್ಪನವರಿಗೆ ಇದು ಹಿಡಿಸಲಿಲ್ಲ. “ನಿಮ್ಮ ಕ್ಲಾಸಲ್ಲಿ ನಗು ಜಾಸ್ತಿಯಾಯ್ತಮ್ಮ. ಇನ್‌ಸ್ಪೆಕ್ಟರ ಮುಂದೆ ಮಾನ ಹೋದ್ರೆ, ರಿಪೋರ್ಟಲ್ಲಿ ನಿಮ್ಮ ಹೆಸರು ಬರೀತೀನಿ” ಎಂದರು.

“ಬರೀರಿ ಸಾರ್. ಅನಸೂಯ ಅನ್ನೋದ್ರಲ್ಲಿ ಸೂ ದೀರ್ಘ, ಮರೀಬೇಡಿ” ಎಂದುಬಿಟ್ಟೆ. ಹೇಳಿದ್ದಕ್ಕೆ ಬೇಜಾರಾಗಲಿಲ್ಲ.

ಗುರುವಾರ ಇನ್‌ಸ್ಪೆಕ್ಟರು ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡೇ ಉಕ್ತಲೇಖನ ಹೇಳತೊಡಗಿದರು. ಮೂರು ವಾಕ್ಯ ಹೇಗೋ ಆಯಿತು. ನಾಲ್ಕನೆಯದರಲ್ಲಿ ಒಣಗಿರುವುದು ಬೆಳೆಯೋ ಬೇಳೆಯೋ ನನಗೂ ತಿಳಿಯಲಿಲ್ಲ. ಆಂಜಿನಮ್ಮ ಎದ್ದು ನಿಂತಳು.

“ಸಾರ್, ಒಣಗಿರೋದು ಹೊಲದ್ದಾ, ಮಡಕೇದಾ?”

ಚೆನ್ನರಾಯಪ್ಪನವರ ಮುಖ ಬಿಳಿಚಿಕೊಂಡಿತು. ಇನ್‌ಸ್ಪೆಕ್ಟರು ಸೀದಾ ಹೊರಗೆ ಹೋದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಅವರು ಬಾಯಿ ಮುಕ್ಕಳಿಸಿಕೊಂಡು ಬಂದು, ಅವಳ ಮುಂದೆ ನಿಂತು, “ಹೊಲದ್ದು ಕಣಮ್ಮ. ಬೆಳೆ. ನೀನು ಕೇಳಿದ್ದೇ ಸರಿ” ಎಂದರು. ಇಪ್ಪತ್ತಾರು ಮಕ್ಕಳದು ಒಂದೂ ತಪ್ಪಿಲ್ಲ! ಸಾಯಂಕಾಲ ಚೆನ್ನರಾಯಪ್ಪನವರೇ ಬಂದು, “ಮೂರನೇ ಕ್ಲಾಸಿಗೂ ನೀವೇ ಹೇಳ್ಕೊಡೀಮ್ಮ” ಎಂದರು. “ನಗೋಕೆ ಬಿಡೋದಾದ್ರೆ ಹೇಳ್ಕೊಡ್ತೀನಿ ಸಾರ್” ಎಂದೆ.

ನಿನ್ನ ಯಜಮಾನರು ಚನ್ನಕೇಶವ ಅವರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮನೆಯಲ್ಲಿ ಸದಾ ನಗು ಕೇಳಿಸುತ್ತಿರಲಿ.

ನಿನ್ನ ಅಕ್ಕ,
ಅನಸೂಯ

ವಿ. ಸೂ.: ಹೋದ ವರ್ಷ ನಿನ್ನ ಮದುವೆ ಮುಗಿದು ಬಸ್ಸು ಹತ್ತುವಾಗ, “ನಾನು ಚಿಕ್ಕವಳಿದ್ದಾಗ ಅಮ್ಮ ಕಾರ್ಡು ಬರೆದಿದ್ರೂ ನೀನ್ಯಾಕೆ ಬರ್ಲಿಲ್ಲ ಅಕ್ಕ?” ಎಂದು ನೀನು ಕೇಳಿದ್ದೆ. ನಾನು ನಿನ್ನ ಸೆರಗು ಸರಿಮಾಡಿ ಬಸ್ಸು ಹತ್ತಿಸಿದೆ. ಈಗ ಹೇಳುತ್ತೇನೆ. ಅಪ್ಪ ತೀರಿಕೊಂಡ ಮರುವರ್ಷ ಅದು. ನಾನು ಕೋಲಾರದಲ್ಲಿ ಟ್ರೈನಿಂಗಿನಲ್ಲಿದ್ದೆ, ನಿನಗೆ ಆರು ವರ್ಷ. ಅಮ್ಮನ ಕಾರ್ಡಿನಲ್ಲಿ ‘ದಿನಾ ಆಳು ಬರುತದೆ’ ಎಂದಿತ್ತು. ಸದ್ಯ, ತೋಟದ ಕೆಲಸಕ್ಕೆ ಆಳು ಸಿಕ್ಕಿತಲ್ಲ ಎಂದು ನೆಮ್ಮದಿಯಾಗಿ, ಸಂಕ್ರಾಂತಿಗೂ ಬಾರದೆ ಪರೀಕ್ಷೆಗೆ ಓದಿಕೊಂಡೆ. ಶಿವರಾತ್ರಿಗೆ ಮುಂಚೆ ತಂತಿ ಬಂತು. ಎಂಟು ದಿನದ ಜ್ವರದಲ್ಲಿ ಅಮ್ಮ ಹೋಗಿದ್ದಳು. ಮಣ್ಣು ಮಾಡಿ ಬಂದ ಮೇಲೆ ರಾಮಾಂಜಿನಪ್ಪ ಮಾವನನ್ನು, ಕೆಲಸಕ್ಕೆ ಬರುತ್ತಿದ್ದ ಆಳು ಯಾರೆಂದು ಕೇಳಿದೆ. “ಯಾವ ಆಳಮ್ಮ? ಒಬ್ಬಳೇ ದುಡೀತಿದ್ಲು. ದಿನಾ ಅಳ್ತಿದ್ಲು” ಅಂದ. ಅಳು ಬರುತ್ತದೆ ಎಂದು ಬರೆಯಹೋಗಿದ್ದಳು ಕಣೇ.

ಅವಳಿಗೆ ಅಕ್ಷರ ಕಲಿಸಿದವಳು ನಾನೇ. ಟ್ರೈನಿಂಗಿಗೆ ಹೊರಡುವ ಮುಂಚೆ, ಅವಸರದಲ್ಲಿ. “ಅ, ಆ ಎರಡೂ ಒಂದೇ ಥರ ಕಾಣ್ತವಲ್ಲೇ” ಎಂದಿದ್ದಳು. “ಹೆಂಗಾದ್ರೂ ಬರಿಯಮ್ಮ, ನಂಗೆ ಅರ್ಥ ಆಗ್ತದೆ” ಎಂದಿದ್ದೆ.